ಅಳತೆ ಪುಸ್ತಕ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಓಣಿ,
ಮೆಟ್ಟಿಲ ಕೆಳಗೆ ಆರಡಿ ಜಾಗ.
ನಲವತ್ತೊಂದು ವರ್ಷದಿಂದ ರವಿಕೆ ಹೊಲಿಯುತ್ತೇನೆ.
ಯಾರ ಮೈ ಯಾವಾಗ ಬದಲಾಯಿತೆಂದು
ಅವರ ಗಂಡಂದಿರಿಗಿಂತ ಮೊದಲು ತಿಳಿದದ್ದು ನನ್ನ ಟೇಪಿಗೆ.
"ಸ್ವಲ್ಪ ಬಿಡಿಸಿಕೊಡಿ ಏಕನಾಥಣ್ಣ" ಅನ್ನುತ್ತಾರೆ.
ಅದಕ್ಕೇ ಒಳಗೊಂದಿಂಚು ಬಟ್ಟೆ ಮಡಚಿ ಬಿಟ್ಟಿರುತ್ತೇನೆ, ಯಾವತ್ತೂ.

ನನ್ನ ಮೈಗೆ ಯಾರೂ ಬಿಟ್ಟಿರಲಿಲ್ಲ.

ಮೂರು ತಿಂಗಳಿಗೊಂದು ಸೂಜಿ, ದಿನಕ್ಕೊಂದು ಬಿಳಿ ಮಾತ್ರೆ.
ಸೂಜಿಗೆ ಹೆದರುವ ಕುಲವಲ್ಲ ನಮ್ಮದು.
ಎರಡು ವರ್ಷ ಹೇಗೋ ಒಪ್ಪಂದ ನಡೆಯಿತು:
ಅವು ಮಧ್ಯಾಹ್ನದ ಕಸುವು ತಗೊಳ್ಳುವುದು,
ರಾತ್ರಿಯ ಆಸೆ ತಗೊಳ್ಳುವುದು,
ಬದಲಿಗೆ ಎದೆಯ ಮೇಲೆ ಎರಡು ನೋಯುವ ಗಂಟು ಕೊಡುವುದು,
ನಾನು ಅಂಗಿ ದೊಗಲೆ ಮಾಡಿಕೊಂಡು ಸುಮ್ಮನಿರುವುದು.

ಕಾರ್ತಿಕದಲ್ಲಿ ರಕ್ತದ ಅಂಕಿ ಮತ್ತೆ ತಲೆ ಎತ್ತಿತು.
ಡಾಕ್ಟರಮ್ಮ ಅಂದರು, ಸೂಜಿ ಇರಲಿ, ಬಿಳಿಯದು ಬೇಡ,
ಇನ್ನು ಇದು, ದಿನಕ್ಕೆ ನಾಲ್ಕು, ಒಟ್ಟಿಗೇ ನುಂಗಿ.
ಮೈ ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು.

ನೀರಿಗೆ ಹಾಕದ ಬಟ್ಟೆ ಹೊಲಿದರೆ ಏನಾಗುತ್ತದೆಂದು ಬಲ್ಲವನು ನಾನು.
ಆದರೂ ಹೂಂ ಅಂದೆ.

ಬಂತು ನೋಡಿ ಶೆಕೆ.
ಊರೆಲ್ಲ ಸ್ವೆಟರು, ಮಫ್ಲರು, ನಾನು ಗುಂಡಿ ಬಿಚ್ಚಿ ಕೂತವನು.
ಇದ್ದಿಲ ಇಸ್ತ್ರಿಪೆಟ್ಟಿಗೆಯ ಮುಚ್ಚಳ ಯಾರೋ ಒಳಗಿಂದ ತೆಗೆದ ಹಾಗೆ
ಎದೆಯಿಂದ ಕಿವಿತುದಿಯವರೆಗೆ, ಆಮೇಲೆ ಬೆವರು, ಆಮೇಲೆ ನಡುಕ.
ಸೂಜಿಗೆ ದಾರ ಪೋಣಿಸಿ ಯಾಕೆ ಪೋಣಿಸಿದೆನೆಂದು ಮರೆತೆ.
ನಾಗವೇಣಿ ಟೀಚರ ರವಿಕೆಗೆ ಎಡದ ತೋಳನ್ನು ಬಲಕ್ಕೆ ಕೂಡಿಸಿದೆ.
ಒಂದು ಕೊಂಡಿ ಕೈಜಾರಿ ಬಿದ್ದಿದ್ದಕ್ಕೆ
ಕೊಂಡಿ ಕಣ್ರೀ, ರೂಪಾಯಿಗೆ ನಾಲ್ಕು,
ಮೇಜಿನ ಕೆಳಗೆ ಹುಡುಕುವ ನೆಪದಲ್ಲಿ ಅತ್ತೆ.

ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ.
ಸೋಮ: ಶೆಕೆ ಒಂಬತ್ತು ಸಲ.
ಮಂಗಳ: ಏಳು. ಕಾಫಿ ಬಿಟ್ಟೆ.
ಬುಧ: ಏಳೇ. ಕಾಫಿ ಕುಡಿದೆ.
ಡಾಕ್ಟರಮ್ಮ ಪುಟ ತಿರುವುತ್ತ ನಿಂತರು:
"ಎದೆ ನಲವತ್ತೊಂದು, ಸೊಂಟ ನಲವತ್ತು. ಇದು ಯಾರದ್ದು?"
"ನಂದೇ ತಾಯಿ."
ಅವರು ನಗಲಿಲ್ಲ. ಪುಸ್ತಕ ಪೂರ್ತಿ ಓದಿದರು.
ಬೆಳಗಿನ ಮಾತ್ರೆ ರಾತ್ರಿಗೆ ಹೋಯಿತು.
ದಿನಾ ನಡೀರಿ, ಭಾರ ಎತ್ತಿ, ಮೂಳೆ ಸವೆಯುತ್ತೆ ಅಂದರು.
ಈಗ ಮಹಾರಾಜ ಪಾರ್ಕಿನಲ್ಲಿ ಆರು ಗಂಟೆಗೆ
ಕೈಗೊಂದು ನೀರಿನ ಬಾಟಲಿ ಹಿಡಿದು ಏಳು ಸುತ್ತು.
ಒಂಬತ್ತು ಐದಾಗಿದೆ. ಕೆಲವು ದಿನ ಆರು.

ಇನ್ನೊಂದು ಮಾತು ಪುಸ್ತಕದಲ್ಲಿ ಬರೆದಿಲ್ಲ.

ಕಾವೇರಿಗೆ ಐವತ್ತಾದ ವರ್ಷ
ನಡುರಾತ್ರಿ ಎದ್ದು ಕಿಟಕಿ ತೆಗೆದು ನಿಲ್ಲುತ್ತಿದ್ದಳು.
ಥಂಡಿ ಬರುತ್ತೆ, ಮುಚ್ಚೇ, ಅಂದಿದ್ದೆ.
ಮುಚ್ಚಿದ್ದಳು.
ಕತ್ತಲಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುವ ಸದ್ದು ಕೇಳಿಯೂ
ಮಗ್ಗುಲು ಬದಲಿಸಿದ್ದೆ.

ಈಗ ಮೂರು ಗಂಟೆಗೆ ನಾನು ಹೊದಿಕೆ ಒದ್ದರೆ
ಅವಳೇ ಏಳುತ್ತಾಳೆ, ಕೇಳದೆ ಕಿಟಕಿ ತೆಗೆಯುತ್ತಾಳೆ,
ಒದ್ದೆ ಟವೆಲು ಕತ್ತಿಗೆ ಹಾಕಿ,
ತಾನು ಕಂಬಳಿಯನ್ನು ಮೂಗಿನವರೆಗೆ ಎಳೆದು ಮಲಗುತ್ತಾಳೆ.
"ಕಾವೇರಿ, ಆವಾಗ ನಾನು..." ಅಂದೆ ಒಂದಿನ.
"ಹತ್ತು ನಿಮಿಷಕ್ಕೆ ಇಳಿಯುತ್ತೆ. ಮಾತಾಡಿದರೆ ಜಾಸ್ತಿ" ಅಂದಳು.

ನಿನ್ನೆ ಮಲ್ಲು ಬಟ್ಟೆಯಲ್ಲಿ ನನಗೊಂದು ಬನಿಯನ್ನು ಕತ್ತರಿಸಿದೆ.
ನೋಯುವ ಕಡೆ ಉಜ್ಜದಿರಲೆಂದು
ಎದೆಯ ಕೆಳಗೆ ಎರಡು ಡಾರ್ಟು ಹಿಡಿದೆ,
ಸಾವಿರಾರು ಸಲ ಹಿಡಿದದ್ದೇ. ಕೈ ನಡುಗಲಿಲ್ಲ.
ಕಾವೇರಿ ಹಾಕಿಸಿ ನೋಡಿದಳು, ತಿರುಗಿಸಿ ನೋಡಿದಳು,
"ಫಿಟ್ಟಿಂಗು ಚೆನ್ನಾಗಿದೆ" ಎಂದು ನಕ್ಕಳು,
ನಾನೂ. ಹೊಟ್ಟೆ ಹಿಡಿದುಕೊಂಡು.

ಮುಂದಿನ ಅಂಕಿ ಹದಿನೇಳಕ್ಕೆ ಬರುತ್ತದೆ.
ಟೀಚರ ರವಿಕೆ ಶುಕ್ರವಾರ ಕೊಡಬೇಕು.
ತೋಳು ಬಿಚ್ಚುತ್ತ ಕೂತಿದ್ದೇನೆ.